ಬದರಿಯ ಹನ್ನೆರಡನೆಯ ಕಾರ್ಡು

ಬದರಿನಾಥ ಮಾಡಿದ ಕೆಲಸವನ್ನು ನೋಡಬೇಕೆಂದು ನೀವು ಆಸೆಪಟ್ಟರೂ ನೋಡಲಾರಿರಿ. ಅದು ಅವನ ತಪ್ಪಲ್ಲ, ನಮ್ಮ ಕಸುಬೇ ಹಾಗೆ. ವಾಷಿಂಗ್ಟನ್ನಿನ ಸರ್ಕಾರಿ ಕಚೇರಿಯೊಂದಕ್ಕೆ ಅವನು ಆರು ವರ್ಷ ಕೂತು ಬರೆದ ಪ್ರೋಗ್ರಾಮನ್ನು ಏಳನೆಯ ವರ್ಷ ಇನ್ನೊಂದು ಕಾಂಟ್ರಾಕ್ಟಿನವರು ಬಂದು ಕಿತ್ತೆಸೆದರು. ಅವರದನ್ನು ಕಿತ್ತೆಸೆಯುವ ಕೆಲಸ ಮತ್ತೆ ಬದರಿಗೇ ಸಿಕ್ಕಿತು. ಆಮೇಲೆ ಅದೂ ಹೋಯಿತು. ಗಾರೆ ಕೆಲಸದವನು ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ ತಾನು ಕಟ್ಟಿದ ಗೋಡೆ ತೋರಿಸಬಹುದು. ನಾವು ತೋರಿಸಬಹುದಾದದ್ದು ಕೊರಳಿಗೆ ಹಾಕುವ ಬ್ಯಾಡ್ಜಿನ ದಾರ ಮಾತ್ರ. ನಾನಂತೂ ಅದನ್ನೂ ವಾಪಸ್ ಕೊಟ್ಟಿದ್ದೇನೆ.

ನಾನು ಗುರುದತ್. ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿ ಬದರಿಯ ಮನೆಯಿಂದ ಮೂರನೆಯ ಮನೆ ನನ್ನದು. ಕೋವಿಡ್ ಬಂದು ಎಲ್ಲರನ್ನೂ ಮನೆಯಲ್ಲಿ ಕೂರಿಸುವವರೆಗೆ ಹದಿನಾಲ್ಕು ವರ್ಷ ನಾವಿಬ್ಬರೂ ಗ್ರೀನ್‌ಬೆಲ್ಟ್‌ವರೆಗೆ ಒಂದೇ ಕಾರಿನಲ್ಲಿ ಹೋಗಿ ಅಲ್ಲಿಂದ ಮೆಟ್ರೋ ಹಿಡಿಯುತ್ತಿದ್ದೆವು. ಬದರಿ ಮೈಸೂರಿನ ಸರಸ್ವತೀಪುರಂನವನು, ಈಗ ಐವತ್ತೆಂಟು. ಕೂರುವಾಗ ಒಂದು ಸಲ, ಏಳುವಾಗ ಒಂದು ಸಲ "ಶಿವನೇ" ಎನ್ನುತ್ತಾನೆ. ಮೆಟ್ರೋದಲ್ಲಿ ನಿಂತುಕೊಂಡೇ ನಿದ್ದೆ ಮಾಡಿ, ತನ್ನ ಸ್ಟೇಷನ್ನಿನಲ್ಲಿ ಕಣ್ಣು ಬಿಟ್ಟು, ಯಾರ ಕಾಲೂ ತುಳಿಯದೆ ಇಳಿಯುವುದನ್ನು ನಾನು ಅಸೂಯೆಯಿಂದ ನೋಡಿದ್ದೇನೆ. ನಾನು ನಿದ್ದೆ ಮಾಡಿದ ದಿನವೆಲ್ಲ ಕೊನೆಯ ಸ್ಟೇಷನ್ನಿಗೇ ಹೋಗಿ ಎದ್ದವನು.

ಬದರಿಯ ಕೈಯ ಕೆಲಸ ಇಷ್ಟು ವರ್ಷಗಳಲ್ಲಿ ಒಂದೇ ಒಂದು ಕಡೆ ಉಳಿದಿತ್ತು. ಅದು ಫೋನ್ ಕಾರ್ಡಿನಲ್ಲಿ.

ಈಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತೊಂಬತ್ತರ ದಶಕದಲ್ಲಿ ಊರಿಗೆ ಮಾತಾಡಬೇಕಾದರೆ ನಾವು ಅಂಗಡಿಯಿಂದ ಒಂದು ಕಾರ್ಡು ತರುತ್ತಿದ್ದೆವು. ಅದರ ಹಿಂಬದಿಯ ಬೆಳ್ಳಿ ಬಣ್ಣದ ಪಟ್ಟಿಯನ್ನು ನಾಣ್ಯದಿಂದ ಕೆರೆದರೆ ಒಂದು ನಂಬರು ಕಾಣುತ್ತಿತ್ತು. ಆ ನಂಬರು ಒತ್ತಿದರೆ ಇಷ್ಟು ನಿಮಿಷ ಎಂದು ಮಾತು. ಅದರಲ್ಲಿ ಅರ್ಧ "ಕೇಳಿಸ್ತಾ ಇದ್ಯಾ?" ಎನ್ನುವುದರಲ್ಲೇ ಮುಗಿಯುತ್ತಿತ್ತು. ಇದನ್ನು ಕಂಡ ವಿಡಿಯೋ ಗೇಮ್ ಕಂಪನಿಗಳು ತಮ್ಮ ಆಟದ ಚಿತ್ರಗಳನ್ನು ಅಚ್ಚು ಹಾಕಿಸಿ, ಹತ್ತು ನಿಮಿಷದ ಕಾರ್ಡುಗಳನ್ನು ಜಾಹೀರಾತಿಗೆಂದು ಹಂಚಿದವು. ಕೆಲವರು ಅವನ್ನು ಕೆರೆಯದೆ, ಯಾರಿಗೂ ಫೋನ್ ಮಾಡದೆ, ಹಾಗೇ ಎತ್ತಿಟ್ಟುಕೊಳ್ಳತೊಡಗಿದರು. ಅಂಚೆಚೀಟಿ ಕೂಡಿಸುವವರ ತಮ್ಮಂದಿರು ಎನ್ನಿ.

ಬದರಿ ಅಮೆರಿಕಕ್ಕೆ ಬಂದ ಹೊಸತರಲ್ಲಿ ಅಟ್ಲಾಂಟಾದಲ್ಲಿ ಇಂಥ ಕಾರ್ಡು ಮಾಡುವ ಪುಟ್ಟ ಕಂಪನಿಯೊಂದಕ್ಕೆ ಸೇರಿದ. 'ಬ್ಯಾಜರ್ ಬ್ರಿಗೇಡ್' ಎಂಬ ಆಟಕ್ಕೆ ಹನ್ನೆರಡು ಕಾರ್ಡುಗಳ ಒಂದು ಸೆಟ್ಟು ಆಗಬೇಕಿತ್ತು. ಬ್ಯಾಜರ್ ಎಂದರೆ ನೆಲ ಬಗೆದು ಬಿಲ ತೋಡುವ, ಮುಖದ ಮೇಲೆ ಬಿಳಿ ಪಟ್ಟೆಗಳಿರುವ ಪ್ರಾಣಿ. ಆಟದಲ್ಲಿ ಅದಕ್ಕೆ ಹೆಲ್ಮೆಟ್ಟು, ಕೈಯಲ್ಲಿ ಸಲಿಕೆ. ಚಿತ್ರ ಬರೆದವರು ಬೇರೆ ಯಾರೋ. ಬೆಳ್ಳಿ ಪಟ್ಟಿಯ ಕೆಳಗಿನ ನಂಬರುಗಳನ್ನು ಹುಟ್ಟಿಸುವ ಪ್ರೋಗ್ರಾಮು ಮಾತ್ರ ಪೂರ್ತಿ ಬದರಿಯದು. ಹನ್ನೊಂದು ಕಾರ್ಡುಗಳು ಹೊರಬಂದವು. ಹನ್ನೆರಡನೆಯದರ ಸ್ಯಾಂಪಲ್ ಅಚ್ಚಾಗಿ ಬಂದ ವಾರವೇ ಕಂಪನಿ ಬಾಗಿಲು ಹಾಕಿತು. ಟೇಬಲ್ ಖಾಲಿ ಮಾಡುವಾಗ ಬದರಿ ಒಂದು ಸ್ಯಾಂಪಲ್ಲನ್ನು ಜೇಬಿಗೆ ಹಾಕಿಕೊಂಡ. ಸುರಂಗದ ಕೊನೆಯಲ್ಲಿ ಬ್ಯಾಜರ್ ಹೆಲ್ಮೆಟ್ಟು ತೆಗೆದು ಪಕ್ಕದಲ್ಲಿಟ್ಟು, ಕಾಲು ಚಾಚಿ ಕೂತ ಚಿತ್ರ. ಕೆಲಸ ಮುಗಿಸಿದ ಪ್ರಾಣಿ.

ಕೋವಿಡ್ಡಿನ ಎರಡನೆಯ ವರ್ಷ ಬದರಿಯ ಮಗಳು ನಿಧಿ ಇಂಟರ್‌ನೆಟ್ಟಿನಲ್ಲಿ ಏನೋ ನೋಡುತ್ತಿದ್ದವಳು ಕೂಗಿದಳು.

"ಅಪ್ಪಾ, ಕಮ್ ಸೀ! ನಿಮ್ದು ಬ್ಯಾಜರ್ ಇಲ್ಲಿ ಇದೆ!"

ಫೋನ್ ಕಾರ್ಡು ಕೂಡಿಸುವವರು ಎಲ್ಲ ಕಾರ್ಡುಗಳ ಪಟ್ಟಿಯೊಂದನ್ನು ಇಟ್ಟಿದ್ದರು. ಬ್ಯಾಜರ್ ಬ್ರಿಗೇಡಿನ ಒಂದರಿಂದ ಹನ್ನೊಂದರವರೆಗೆ ಚಿತ್ರ, ಬಣ್ಣ, ಅಳತೆ ಎಲ್ಲ ವಿವರವಿತ್ತು. ಹನ್ನೆರಡರ ಮುಂದೆ ಒಂದೇ ಮಾತು: 'ಅಚ್ಚಾಗಿಲ್ಲ.'

"ಅಚ್ಚಾಗಿಲ್ಲ ಅಂದ್ರೇನು? ಮೇಲೆ ಕಪಾಟಿನಲ್ಲಿದೆಯಲ್ಲ!" ಎಂದ ಬದರಿ.

"ಅಪ್ಪಾ, ಡೆಡ್ ಗೇಮ್, ಡೆಡ್ ಕಂಪನಿ, ಡೆಡ್ ಕಾರ್ಡ್. ವೈ ಡು ಯು ಕೇರ್?"

'ಅಚ್ಚಾಗಿಲ್ಲ' ಎಂಬ ಆ ಒಂದು ಮಾತು ಬದರಿಯ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತುಬಿಟ್ಟಿತು. ಮೀನು ತಿನ್ನದವನು ನಾನು, ಹೋಲಿಕೆ ಎಷ್ಟು ಸರಿಯೋ ತಿಳಿಯದು. ಅವನು ಫೋಟೋ ತೆಗೆದು ಪಟ್ಟಿಯವರಿಗೆ ಕಳಿಸಿದ. ವೆಂಡಲ್ ಎಂಬವರಿಂದ ತುಂಬ ಮರ್ಯಾದೆಯ ಉತ್ತರ ಬಂತು. ಇಂಥ ಫೋಟೋಗಳು ಆಗಾಗ ಬರುತ್ತಿರುತ್ತವೆ, ಕಾರ್ಡನ್ನು ಕಣ್ಣಾರೆ ನೋಡದೆ ಪಟ್ಟಿ ತಿದ್ದುವ ಪದ್ಧತಿಯಿಲ್ಲ, ಪ್ರತಿ ಅಕ್ಟೋಬರಿನಲ್ಲಿ ದಕ್ಷಿಣ ಕೆರೊಲಿನಾದ ಫೋರ್ಟ್ ಮಿಲ್ಲಿನಲ್ಲಿ ನಾವೆಲ್ಲ ಸೇರುತ್ತೇವೆ, ದಯವಿಟ್ಟು ತನ್ನಿ ಎಂದು.

ಮೂರು ಅಕ್ಟೋಬರುಗಳು ಬದರಿಗೆ ರಜ ಸಿಗದೆ ಕಳೆದವು. ನಾಲ್ಕನೆಯದು, ಎರಡು ಸಾವಿರದ ಇಪ್ಪತ್ತನಾಲ್ಕರದ್ದು, ಬೇಡವೆಂದರೂ ಸಿಕ್ಕಿತು. ಸೆಪ್ಟೆಂಬರ್ ಮೂವತ್ತಕ್ಕೆ ಸರ್ಕಾರದ ಹಣಕಾಸಿನ ವರ್ಷ ಮುಗಿಯಿತು, ಜೊತೆಗೆ ಬದರಿಯ ಕಾಂಟ್ರಾಕ್ಟೂ ಮುಗಿಯಿತು.

ಸಭೆ ಇದ್ದದ್ದು ಭಾನುವಾರ. ಶನಿವಾರ ಬೆಳಿಗ್ಗೆ ಬದರಿ ಹೊರಡುವವನು. ಅದರ ಹಿಂದಿನ ಶುಕ್ರವಾರ ಆಯುಧಪೂಜೆ. ದೇವಸ್ಥಾನದ ಭಟ್ಟರು ಅಂದು ಪಾರ್ಕಿಂಗ್ ಲಾಟಿನ ತುಂಬ ನಿಂತ ಕಾರುಗಳ ಚಕ್ರಕ್ಕೆ ನಿಂಬೆಹಣ್ಣು ಇಡಿಸುವುದರಲ್ಲಿ ಮುಳುಗಿರುತ್ತಾರೆ. ಹಾಗಾಗಿ ನಮ್ಮ ಬೀದಿಯ ಭಟ್ಟ ನಾನೇ. ನನಗೆ ಬರುವುದು ಗಣಪತಿಯ ಒಂದು ಶ್ಲೋಕ, ದೇವಿಯ ಮುಕ್ಕಾಲು ಶ್ಲೋಕ. ಉಳಿದದ್ದನ್ನು ಗಂಟೆ ಜೋರಾಗಿ ಅಲ್ಲಾಡಿಸಿ ತುಂಬುತ್ತೇನೆ. ಸಂಜೆ ಬದರಿಯ ಹೆಂಡತಿ ಊರ್ಮಿಳಾ ಫೋನ್ ಮಾಡಿದರು.

"ಗುರುದತ್ ಅವ್ರೇ, ಬೇಗ ಬನ್ನಿ. ಇವ್ರು ಮೇಲೆ ಇಂಟರ್‌ವ್ಯೂನಲ್ಲಿದಾರೆ, ಯಾವಾಗ ಮುಗಿಯತ್ತೋ ಗೊತ್ತಿಲ್ಲ. ನೀವು ಪೂಜೆ ಶುರು ಮಾಡ್ಬಿಡಿ."

ಹೋದೆ. ಬೂದುಗುಂಬಳ ಸಿಕ್ಕದೆ ಹ್ಯಾಲೋವೀನಿನ ಕೇಸರಿ ಕುಂಬಳ ತಂದಿಟ್ಟಿದ್ದರು. ದೊಡ್ಡ ತಟ್ಟೆಯಲ್ಲಿ ತರಕಾರಿ ಚಾಕು, ಮಿಕ್ಸಿಯ ಜಾರು, ಎರಡು ಕಾರಿನ ಕೀ, ಗಿಡ ಕತ್ತರಿಸುವ ಕತ್ತರಿ. ನಡುವೆ, ರೇಷ್ಮೆ ಬ್ಲೌಸ್ ಪೀಸಿನ ಮೇಲೆ, ಪ್ಲಾಸ್ಟಿಕ್ ಕವರಿನಿಂದ ಹೊರಗೆ ತೆಗೆದ ಹನ್ನೆರಡನೆಯ ಕಾರ್ಡು.

"ಇದ್ಯಾಕೆ ಇಲ್ಲಿ?"

"ಪ್ರತಿ ವರ್ಷ ಇವ್ರ ಲ್ಯಾಪ್‌ಟಾಪ್ ಇಡ್ತಿದ್ವಿ. ಅದನ್ನ ಕಂಪನಿಗೆ ವಾಪಸ್ ಕಳಿಸಾಯ್ತಲ್ಲ. ಇವ್ರ ಆಯುಧ ಅಂತ ಒಂದಾದ್ರೂ ಬೇಡ್ವಾ?"

"ಅದು ಸರಿ, ಕವರಿಂದ ಯಾಕೆ ತೆಗೆದ್ರಿ?"

"ಪ್ಲಾಸ್ಟಿಕ್‌ಗೆ ಪೂಜೆ ಮಾಡಿದ್ರೆ ಒಳಗಿರೋದಕ್ಕೆ ತಲುಪತ್ತಾ?"

ನಾನು ಗಂಟೆ ಕೈಗೆತ್ತಿಕೊಂಡೆ.

ಗಣಪತಿ ಶ್ಲೋಕ ಮುಗಿಸಿ ಕುಂಕುಮದ ಬಟ್ಟಲಿಗೆ ಬೆರಳದ್ದಿದೆ. ಕಾರಿಗೆ ಹಿಡಿಯಲೆಂದು ನೀರು ಹಾಕಿ ಗಟ್ಟಿಯಾಗಿ ಕಲಸಿದ ಕುಂಕುಮ. ಚಾಕುವಿಗೆ ಇಟ್ಟೆ, ಜಾರಿಗೆ ಇಟ್ಟೆ, ಕೀಗಳಿಗೆ ಇಟ್ಟೆ. ಆ ಬ್ಯಾಜರಿನ ಮುಖ ನೋಡಿದರೆ, ಹಣೆಯ ಮೇಲೆ ಎರಡು ಉದ್ದ ಬಿಳಿ ಪಟ್ಟೆ, ನಡುವೆ ಖಾಲಿ ಜಾಗ. ನಮ್ಮ ತಾತ ಅರ್ಧ ನಾಮ ಇಟ್ಟುಕೊಂಡು ಯಾರೋ ಕರೆದರೆಂದು ಎದ್ದುಬಂದ ಹಾಗಿತ್ತು. ಅಂಥ ಹಣೆಯನ್ನು ಹಾಗೇ ಬಿಡಲು ಯಾವ ಮನುಷ್ಯನಿಂದ ಸಾಧ್ಯ? ನಾನು ಭಕ್ತಿಯಿಂದಲೇ ನಡುವೆ ಒಂದು ಕೆಂಪು ಗೆರೆ ಎಳೆದೆ. ಚೆನ್ನಾಗಿ ಬಂದಿತ್ತು ಕೂಡ.

ಬದರಿ ಮೆಟ್ಟಿಲಿಳಿದು ಬಂದ.

"ಹೇಗಾಯ್ತು ಇಂಟರ್‌ವ್ಯೂ?" ಎಂದೆ.

"ಹುಡುಗ ನಮ್ಮೋನೇ. ತುಂಬ ಮರ್ಯಾದೆ ಕೊಟ್ಟ. ಅಂಕಲ್ ಅನ್ನೋದೊಂದು ಬಾಕಿ ಇತ್ತು. ಆಗ್ಲೇ ಗೊತ್ತಾಯ್ತು ಬಿಡು, ಇದು ಆಗಲ್ಲ ಅಂತ."

ಆಮೇಲೆ ಅವನ ಕಣ್ಣು ತಟ್ಟೆಯ ಮೇಲೆ ಬಿತ್ತು. ಕೂಗಾಡಿದ್ದರೆ ಚೆನ್ನಾಗಿತ್ತು. ಕೊನೆಯ ಮೆಟ್ಟಿಲ ಮೇಲೆ ಕೂತುಬಿಟ್ಟ. "ಶಿವನೇ" ಎಂದೂ ಅನ್ನಲಿಲ್ಲ.

"ಒದ್ದೆ ಕುಂಕುಮಾನಾ?"

"ಒದ್ದೇದೇ," ಎಂದೆ.

ಒದ್ದೆಯಿಂದ ಕೆಟ್ಟದ್ದು ಸಾಲದೆಂದು ನಾವು ಅದನ್ನು ಇನ್ನೂ ಕೆಡಿಸಿದೆವು. ಟಿಶ್ಯೂವಿನಿಂದ ನಾನು ಒರೆಸಿದಾಗ ಗೆರೆ ಹೋಗಿ ಹರಡಿತು. ಊರ್ಮಿಳಾ ಹತ್ತಿಯಲ್ಲಿ ಕೊಬ್ಬರಿ ಎಣ್ಣೆ ಅದ್ದಿ ಮೆಲ್ಲಗೆ ಸವರಿದರು. ಕೆಂಪು ಹೋಗಿ ಗುಲಾಬಿಯಾಯಿತು. ಎಣ್ಣೆ ಅಂಚುಗಳಲ್ಲಿ ಇಳಿದು ಕಾರ್ಡಿನ ಹೊಳಪೆಲ್ಲ ತೇಪೆ ತೇಪೆಯಾಯಿತು. ಬ್ಯಾಜರ್ ಯಾವುದೋ ಮಾತಿಗೆ ನಾಚಿಕೊಂಡಂತೆ ಕಾಣುತ್ತಿತ್ತು.

"ಇನ್ನು ಮುಟ್ಬೇಡಿ," ಎಂದ ಬದರಿ.

"ನಾಳೆ ಹೋಗೋದಾ, ಬೇಡ್ವಾ?" ಊರ್ಮಿಳಾ ಹತ್ತಿಯನ್ನು ಕೆಳಗಿಟ್ಟು ಕೇಳಿದರು.

"ಹೋಗ್ದೆ? ಹನ್ನೆರಡು ಇಲ್ಲ ಅಂತ ಬರ್ಕೊಂಡಿದಾರೆ ಕಣೇ."

ಕಾರು ನಾನು ಓಡಿಸುತ್ತೇನೆಂದೆ. ಬೇರೆ ಯಾವ ಪ್ರಾಯಶ್ಚಿತ್ತವೂ ತೋಚಲಿಲ್ಲ. ಊರ್ಮಿಳಾ ವಿಜಯದಶಮಿಯ ಗೊಂಬೆ ಆರತಿಗೆ ಹೆಂಗಸರನ್ನು ಕರೆದಿದ್ದರಿಂದ ಮನೆಯಲ್ಲೇ ಉಳಿದರು. ನಮ್ಮಿಬ್ಬರಿಗೆ ಆರು ಜನಕ್ಕಾಗುವಷ್ಟು ಪುಳಿಯೋಗರೆ ಕಟ್ಟಿಕೊಟ್ಟರು.

ಕೊಲಂಬಿಯಾದಿಂದ ಫೋರ್ಟ್ ಮಿಲ್ಲಿಗೆ ಏಳು ಗಂಟೆಯ ದಾರಿ ಎಂದು ಮ್ಯಾಪು ಹೇಳುತ್ತದೆ. ಮ್ಯಾಪಿಗೆ ಬೆನ್ನುನೋವಿಲ್ಲ, ಎರಡು ಗಂಟೆಗೊಮ್ಮೆ ರೆಸ್ಟ್ ಏರಿಯಾ ಹುಡುಕಬೇಕಾದ ವಯಸ್ಸೂ ಆಗಿಲ್ಲ. ನಮಗೆ ಒಂಬತ್ತೂವರೆ ಹಿಡಿಯಿತು. ರಿಚ್ಮಂಡ್ ದಾಟಿದ ಮೇಲೆ ಬದರಿ ಬಾಯಿ ಬಿಟ್ಟ.

"ದತ್ತಾ, ಅವ್ರು ಒಪ್ಪಲಿಲ್ಲ ಅಂದ್ರೆ ಏನಾಗತ್ತೆ?"

"ಏನೂ ಆಗಲ್ಲ ಬಿಡಯ್ಯ."

"ಅದೇ ನೋಡು. ಏನೂ ಆಗಲ್ಲ. ಇಪ್ಪತ್ತೆಂಟು ವರ್ಷ ಹಾಗೇ ಆಗಿದೆ, ಏನೂ ಆಗದೆ. ನಾನು ಬರೆದಿದ್ದು ಒಂದೂ ಇವತ್ತು ಯಾವ ಮಿಷನ್ನಿನಲ್ಲೂ ಇಲ್ಲ. ಇದೊಂದು ಕೈಯಲ್ಲಿ ಹಿಡ್ಕೊಳೋ ಹಾಗಿದೆ. ಅದನ್ನೂ ಇಲ್ಲ ಅಂತಾರೆ."

ನಾನು ಏನಾದರೂ ತಮಾಷೆ ಹೇಳಬೇಕಿತ್ತು. ನನಗೆ ಹೆಸರಿರುವುದೇ ಅದಕ್ಕೆ. ಪುಳಿಯೋಗರೆ ಡಬ್ಬಿ ಮುಂದೆ ಚಾಚಿದೆ.

ಭಾನುವಾರ ಬೆಳಿಗ್ಗೆ ಹೋಟೆಲಿನ ಸಭಾಂಗಣದೊಳಗೆ ಕಾಲಿಟ್ಟಾಗ ನನಗೆ ವಿಚಿತ್ರ ಸಂತೋಷವಾಯಿತು. ಎಷ್ಟೋ ವರ್ಷಗಳ ಮೇಲೆ ನಮಗಿಂತ ದಣಿದ ಜನರ ನಡುವೆ ಬಂದಿದ್ದೆವು. ಉದ್ದನೆಯ ಮೇಜುಗಳು, ಭೂತಗನ್ನಡಿ, ಆಲ್ಬಮ್ಮುಗಳ ಹಿಂದೆ ತೂಕಡಿಸುವ ಬಿಳಿ ಗಡ್ಡಗಳು. ವೆಂಡಲ್ ಒಂದು ಮೂಲೆಯಲ್ಲಿದ್ದರು. ನಿವೃತ್ತ ಶಾಲಾ ಮೇಷ್ಟ್ರು, ಎಪ್ಪತ್ತೈದರ ಮೇಲೆ. ಆ ಕಡೆಯವರ ನಿಧಾನದ ಇಂಗ್ಲಿಷಿನಲ್ಲಿ ಒಂದೊಂದು ಮಾತನ್ನೂ ತೂಗಿ ಆಡುವವರು.

ಅವರು ಕಾರ್ಡನ್ನು ದೀಪದ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದಕ್ಕೆ ಏನಾಗಿದೆ?"

"ಪ್ರಾರ್ಥನೆ," ಎಂದೆ ನಾನು. ಪೂಜೆಗೆ ಅದಕ್ಕಿಂತ ಹತ್ತಿರದ ಇಂಗ್ಲಿಷ್ ಆ ಗಳಿಗೆಯಲ್ಲಿ ಸಿಗಲಿಲ್ಲ.

ವೆಂಡಲ್ ಕನ್ನಡಕದ ಮೇಲಿಂದ ನೋಡಿದರು. "ನಾನು ಅರವತ್ತು ವರ್ಷದಿಂದ ಮಾಡುತ್ತಿದ್ದೇನೆ. ಕಲೆ ಬೀಳುತ್ತದೆಂದು ಗೊತ್ತಿರಲಿಲ್ಲ."

ಆಮೇಲೆ ಕಾರ್ಡನ್ನು ಮೇಜಿನ ಮೇಲಿಟ್ಟು ಬದರಿಯ ಕಡೆ ತಿರುಗಿದರು. "ಸ್ವಾಮಿ, ನಾವು ಹಳೆಯ ಕಾರ್ಡನ್ನು ಗುರುತಿಸುವುದು ಮೇಲಿನ ಹೊಳಪಿನಿಂದ. ಅಂದಿನ ಲೇಪನ ಬೇರೆ, ಇಂದಿನದು ಬೇರೆ. ಎಣ್ಣೆ ಅದನ್ನು ತಿಂದುಬಿಟ್ಟಿದೆ. ಇದು ಹಳೆಯದು ಎಂದು ಹೇಳಲು ನನಗೀಗ ದಾರಿಯಿಲ್ಲ. ಹೋದ ವಾರ ಯಾರೋ ಮನೆಯಲ್ಲಿ ಅಚ್ಚು ಹಾಕಿದ್ದೂ ಆಗಿರಬಹುದು. ಕ್ಷಮಿಸಿ, ಪಟ್ಟಿಯಲ್ಲಿ ಇದ್ದದ್ದು ಹಾಗೇ ಇರಲಿ."

ನಾನು ನೆಲ ನೋಡಿದೆ. ಹೋಟೆಲಿನ ಕಾರ್ಪೆಟ್ಟಿನಲ್ಲಿ ಹೂವುಗಳಿದ್ದವು.

"ನಂಬರಿನಿಂದ ಹೇಳಬಹುದು," ಎಂದ ಬದರಿ.

"ಯಾವ ನಂಬರು?"

"ನಿಮ್ಮ ಹತ್ತಿರ ಕೆರೆದ ಬ್ಯಾಜರ್ ಕಾರ್ಡುಗಳಿವೆಯೇ? ಯಾವುದಾದರೂ ಒಂದು ತೆಗೆಯಿರಿ. ಹನ್ನೆರಡು ಅಂಕಿ ಇರುತ್ತವೆ. ಕೊನೆಯ ಎರಡನ್ನು ಬೆರಳಿನಿಂದ ಮುಚ್ಚಿ ಉಳಿದ ಹತ್ತನ್ನು ಓದಿ."

ವೆಂಡಲ್ ಒಂದು ಡಬ್ಬಿಯಿಂದ ನಾಲ್ಕನೆಯ ಕಾರ್ಡು ತೆಗೆದು ಓದಿದರು. "ಸೊನ್ನೆ, ನಾಲ್ಕು, ಎಂಟು, ಎರಡು, ಒಂದು, ಆರು, ಸೊನ್ನೆ, ಐದು, ಮೂರು, ಏಳು."

ಬದರಿಯ ತುಟಿ ಅಲ್ಲಾಡುತ್ತಿತ್ತು. ಇಷ್ಟು ವರ್ಷವಾದರೂ ಲೆಕ್ಕ ಕನ್ನಡದಲ್ಲೇ. "ಮೂವತ್ತಾರು," ಎಂದು ಇಂಗ್ಲಿಷಿನಲ್ಲಿ ಹೇಳಿದ.

ವೆಂಡಲ್ ಹೆಬ್ಬೆರಳು ಎತ್ತಿದರು. ಮೂವತ್ತಾರು. ಇನ್ನೊಂದು ತೆಗೆದರು. ಮತ್ತೊಂದು. ಐದು ಕಾರ್ಡುಗಳಿಗೂ ಸರಿಯಾಯಿತು. ಪಕ್ಕದ ಮೇಜಿನ ಬಿಳಿ ಗಡ್ಡವೊಂದು ತೂಕಡಿಕೆ ಬಿಟ್ಟು ಎದ್ದುಬಂತು.

"ಮೊದಲ ಎರಡು ಅಂಕಿ ಕಾರ್ಡಿನ ಸಂಖ್ಯೆ," ಬದರಿ ವಿವರಿಸಿದ. "ಕೊನೆಯ ಎರಡು, ಮೊದಲ ಹತ್ತನ್ನು ಕೂಡಿಸಿದ್ದು. ಸುಮ್ಮನೆ ಅಂದಾಜಿನಲ್ಲಿ ನಂಬರು ಒತ್ತಿದವರನ್ನು ತಡೆಯಲು ಹಾಗೆ ಇಟ್ಟಿದ್ದು."

"ಇಪ್ಪತ್ತು ವರ್ಷದಿಂದ ಇವುಗಳನ್ನು ನೋಡುತ್ತಿದ್ದೇವೆ," ವೆಂಡಲ್ ಮೆಲ್ಲಗೆ ಹೇಳಿದರು. "ನಮಗೆ ಯಾರಿಗೂ ಹೊಳೆದಿಲ್ಲ. ಆದರೆ ಸ್ವಾಮಿ, ಗುಟ್ಟು ನಿಮಗೆ ಗೊತ್ತಿದೆ ಎಂದ ಮೇಲೆ ಈ ಹನ್ನೆರಡನೆಯದನ್ನು ನೀವೇ ಮಾಡಿರಬಹುದಲ್ಲ?"

"ಹೌದು," ಎಂದ ಬದರಿ. "ನಾನೇ ಮಾಡಿದ್ದು. ಮೂರು ವರ್ಷದಿಂದ ಅದನ್ನೇ ಹೇಳುತ್ತಿದ್ದೇನೆ."

ಬದರಿ ನನ್ನ ಕಡೆ ಕೈ ಚಾಚಿದ. "ದತ್ತಾ, ಒಂದು ಕ್ವಾರ್ಟರ್ ಕೊಡು." ಜೇಬಿನಲ್ಲಿದ್ದ ಇಪ್ಪತ್ತೈದು ಸೆಂಟಿನ ನಾಣ್ಯ ಕೊಟ್ಟೆ.

ಅವನ ಉದ್ದೇಶ ನನಗಿಂತ ಮೊದಲು ವೆಂಡಲ್‌ಗೆ ಅರ್ಥವಾಯಿತು. ಕೆರೆದ ಕಾರ್ಡನ್ನು ಈ ಜನ ಉಂಡ ಎಲೆಯ ಹಾಗೆ ನೋಡುತ್ತಾರೆ. "ಸ್ವಾಮಿ, ಯೋಚನೆ ಮಾಡಿ. ಒಮ್ಮೆ ಕೆರೆದರೆ ಇದನ್ನು ಯಾರೂ ಕೊಳ್ಳುವುದಿಲ್ಲ."

"ನಾನು ಮಾರಲು ಬಂದವನಲ್ಲ."

ಕೂತ. ಈ ಸಲ "ಶಿವನೇ" ಎಂದ. ಕಾರ್ಡು ತಿರುಗಿಸಿ, ನಾಣ್ಯದ ಅಂಚಿನಿಂದ ಎಡಗಡೆಯಿಂದ ಕೆರೆಯತೊಡಗಿದ. ಬೆಳ್ಳಿ ಪುಡಿ ಉದುರಿತು. ನಾವು ಹತ್ತು ಸಾವಿರ ಸಲ ಮಾಡಿದ ಕೆಲಸ, ಊರಿನ ಫೋನಿಗಾಗಿ, ಬಾತ್‌ರೂಮಿನ ಮುಂದೆ ಕ್ಯೂ ನಿಂತಂಥ ಅವಸರದಲ್ಲಿ. ಇಷ್ಟು ನಿಧಾನವಾಗಿ ಯಾರೂ ಕೆರೆದದ್ದನ್ನು ನಾನು ನೋಡಿರಲಿಲ್ಲ. ಹತ್ತು ಅಂಕಿ ಬಂದ ಮೇಲೆ ನಿಲ್ಲಿಸಿ, ಕಾರ್ಡನ್ನೂ ನಾಣ್ಯವನ್ನೂ ವೆಂಡಲ್ ಮುಂದೆ ಸರಿಸಿದ.

ವೆಂಡಲ್ ಓದಿದರು. "ಒಂದು, ಎರಡು." ಅಲ್ಲಿ ಒಂದು ಗಳಿಗೆ ನಿಂತರು. ಹನ್ನೆರಡನೆಯ ಕಾರ್ಡು. "ನಾಲ್ಕು, ಸೊನ್ನೆ, ಏಳು, ಮೂರು, ಒಂಬತ್ತು, ಒಂದು, ಐದು, ಆರು."

"ಮೂವತ್ತೆಂಟು."

ವೆಂಡಲ್ ಕೊನೆಯ ಎರಡು ಅಂಕಿಗಳನ್ನು ತಾವೇ ಕೆರೆದರು. ಭೂತಗನ್ನಡಿ ಹಿಡಿದರು. ಕಾರ್ಡನ್ನು ಪಕ್ಕದ ಗಡ್ಡಕ್ಕೆ ಕೊಟ್ಟರು. ಗಡ್ಡ ನೋಡಿ ತಲೆ ಆಡಿಸಿತು.

"ಮೂವತ್ತೆಂಟು," ಎಂದರು ವೆಂಡಲ್. "ಮೋಸ ಮಾಡುವವನು ಮಾರಲು ಬರುತ್ತಾನೆ. ಮಾರುವ ವಸ್ತುವನ್ನು ತಾನೇ ಕೆಡಿಸುವ ಮೋಸಗಾರನನ್ನು ನಾನು ಇನ್ನೂ ಕಂಡಿಲ್ಲ."

ದಪ್ಪ ಪುಸ್ತಕವೊಂದನ್ನು ತೆರೆದು, 'ಅಚ್ಚಾಗಿಲ್ಲ' ಎಂಬುದರ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಪಕ್ಕದಲ್ಲಿ ಬರೆದರು: 'ಒಂದು ಪ್ರತಿ ಇದೆ. ಸ್ಯಾಂಪಲ್. ಕೆರೆದದ್ದು.' ಇಂಟರ್‌ನೆಟ್ಟಿನ ಪಟ್ಟಿಯನ್ನು ವಾರದೊಳಗೆ ತಿದ್ದುತ್ತೇವೆಂದರು.

ಬದರಿ ಆ ಸಾಲನ್ನು ಎರಡು ಸಲ ಓದಿದ. ಆಮೇಲೆ ತುಂಬ ಸಂಕೋಚದಿಂದ ಕೇಳಿದ. "ಮಾಡಿದವರ ಹೆಸರು ಹಾಕುವ ಜಾಗ ಇದೆಯೇ?"

ವೆಂಡಲ್ ಪುಟದ ಮೇಲೆ ಬೆರಳಾಡಿಸಿದರು. "ಚಿತ್ರ ಬರೆದವರದಕ್ಕೆ ಇದೆ. ಕಂಪನಿಯದಕ್ಕೆ ಇದೆ. ನಂಬರು ಮಾಡಿದವರದಕ್ಕೆ..." ನಿಜವಾಗಿಯೂ ಬೇಸರಪಟ್ಟರು. "ಅದನ್ನು ಈವರೆಗೆ ಯಾರೂ ಕೇಳಿಲ್ಲ."

ನನಗೆ ರೇಗಿತು. ಒಂದು ಕಾಲಮ್ಮು ಎಳೆದರೆ ಇವರ ಪೆನ್ಸಿಲು ಸವೆಯುತ್ತದೆಯೇ ಎಂದು ಕೇಳಲು ಬಾಯಿ ತೆರೆದೆ. ಬದರಿ ನನ್ನ ಮೊಣಕೈ ಹಿಡಿದ.

"ಬಿಡು ದತ್ತಾ. ಅವ್ರ ಪುಸ್ತಕ ಕಾರ್ಡಿಂದು, ಮನುಷ್ಯರದಲ್ಲ. ನಡಿ."

ವೆಂಡಲ್ ಎದ್ದು ನಿಂತು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು. ನನ್ನ ಕೈಯನ್ನು ಒಂದೇ ಕೈಯಲ್ಲಿ, ಕಲೆ ತಗುಲೀತು ಎಂಬಂತೆ.

ಪಾರ್ಕಿಂಗ್ ಲಾಟಿನಲ್ಲಿ ಕಾರು ಸ್ಟಾರ್ಟ್ ಮಾಡುವಷ್ಟರಲ್ಲಿ ಊರ್ಮಿಳಾರ ಫೋನು ಬಂತು. ನಿನ್ನೆಯಿಂದ ಊಟ ಮಾಡಿಲ್ಲವೆಂದು ದನಿಯಲ್ಲೇ ತಿಳಿಯುತ್ತಿತ್ತು. ಸ್ಪೀಕರಿನಲ್ಲಿ ಹಾಕಿದೆವು.

"ಏನಂದ್ರು ರೀ?"

"ಇದೆ ಅಂದ್ರು," ಎಂದ ಬದರಿ.

"ಅಷ್ಟೇನಾ? ಇದೆ ಅಂತ ನಮ್ಗೆ ಮೊದ್ಲೇ ಗೊತ್ತಿತ್ತಲ್ರೀ!"

"ಅವ್ರಿಗೆ ಗೊತ್ತಿರ್ಲಿಲ್ಲ ಕಣೇ. ಈಗ ಗೊತ್ತಾಯ್ತು. ನೀನು ಊಟ ಮಾಡು."

ಫೋನಿಟ್ಟು ಸೀಟನ್ನು ಪೂರ್ತಿ ಹಿಂದಕ್ಕೆ ಒರಗಿಸಿ ಅವನು ಕಣ್ಣು ಮುಚ್ಚಿದ. ನಾನು ಷಾರ್ಲಟ್ಟಿನ ಟ್ರಾಫಿಕ್ಕಿನಲ್ಲಿ ಎರಡು ಸಲ ದಾರಿ ತಪ್ಪಿದೆ, ಒಂದು ಸಲ ಹಾರ್ನ್ ಹೊಡೆಸಿಕೊಂಡೆ. ಗ್ರೀನ್ಸ್‌ಬರೊ ದಾಟುವವರೆಗೂ ಬದರಿ ಏಳಲಿಲ್ಲ.